ಹಿತ್ತಲ ಗಿಡ ಮದ್ದಾದ ಕಥೆ



ನಾನು ಚಾರ್ಟರ್ಡ್ ಅಕೌಂಟೆಂಟ್, ಲೆಕ್ಕಪತ್ರದ ಮನುಷ್ಯ. ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಕಟ್ಟಡ ಕಾಣುತ್ತದೆ, ಯಂತ್ರ ಕಾಣುತ್ತದೆ, ದುಡ್ಡು ಕೊಟ್ಟು ಕೊಂಡ ಪೇಟೆಂಟೂ ಕಾಣುತ್ತದೆ. ನೌಕರರ ತಲೆಯಲ್ಲಿರುವ ತಿಳಿವಳಿಕೆ ಮಾತ್ರ ಕಾಣುವುದಿಲ್ಲ. ಅವರ ತರಬೇತಿ ಆಸ್ತಿಯಲ್ಲ, ಆ ವರ್ಷದ ಖರ್ಚು. ಕಷ್ಟಕಾಲ ಬಂದಾಗ ಇಂಥ ಖರ್ಚಿಗೇ ಸುಲಭವಾಗಿ ಕತ್ತರಿ ಬೀಳುತ್ತದೆ. ಆ ಉಳಿತಾಯ ಎಷ್ಟು ದುಬಾರಿ ಎಂಬುದನ್ನು ನಾವು ಬಾಳುತ್ತಿರುವ ಮೂರು ಊರುಗಳ ಇತಿಹಾಸವೇ ಹೇಳುತ್ತದೆ.

ಮೊದಲು ಡಲ್ಲಾಸ್. ಭೂಮಿಯೊಳಗೆ ಎಣ್ಣೆ ಹುಡುಕುವ ಕೆಲಸದಿಂದ ಬೆಳೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, 1952ರಲ್ಲಿ 25,000 ಡಾಲರ್ ಕೊಟ್ಟು ಟ್ರಾನ್ಸಿಸ್ಟರ್ ತಯಾರಿಕೆಯ ಲೈಸೆನ್ಸ್ ಕೊಂಡಿತು. ಅದನ್ನು ಕೊಂಡ ಕಂಪನಿಗಳು ಇನ್ನೂ ಹಲವು ಇದ್ದವು. ವ್ಯತ್ಯಾಸ ಮಾಡಿದ್ದು ಪ್ಯಾಟ್ರಿಕ್ ಹ್ಯಾಗರ್ಟಿ ಎಂಬ ಮ್ಯಾನೇಜರ್. ಕೊಂಡ ವಿದ್ಯೆಯನ್ನು ಅರಗಿಸಿಕೊಳ್ಳುವವರು ಮನೆಯೊಳಗೇ ಇರಬೇಕೆಂದು ಅವರು ಬೆಲ್ ಲ್ಯಾಬ್ಸ್‌ನಿಂದ ಗಾರ್ಡನ್ ಟೀಲ್ ಅವರನ್ನು ಕರೆತಂದು ಸಂಶೋಧನಾಲಯ ಕಟ್ಟಿಸಿದರು. 1954ರಲ್ಲಿ ಸಿಲಿಕಾನ್ ಟ್ರಾನ್ಸಿಸ್ಟರ್ ಮಾರುಕಟ್ಟೆಗೆ ಬಂತು. 1958ರಲ್ಲಿ ಅಲ್ಲಿಯೇ ಜಾಕ್ ಕಿಲ್ಬಿ ಇಂಟಿಗ್ರೇಟೆಡ್ ಸರ್ಕ್ಯೂಟ್ ಮಾಡಿ ತೋರಿಸಿದರು.

ಇನ್ನು ಆಸ್ಟಿನ್. ಜಪಾನಿನ ಪೈಪೋಟಿಗೆ ಹೆದರಿದ ಅಮೆರಿಕದ ಕಂಪನಿಗಳು ಒಟ್ಟಾಗಿ ಕಟ್ಟಿದ ಎಂಸಿಸಿ ಎಂಬ ಸಂಶೋಧನಾ ಸಂಸ್ಥೆ 1983ರಲ್ಲಿ ಈ ಊರನ್ನು ಆರಿಸಿಕೊಂಡಿತು. ಅಲ್ಲಿ ಸಂಶೋಧನೆಗೆ ಕೊರತೆ ಇರಲಿಲ್ಲ. ಆದರೆ ಸಂಶೋಧಕರಲ್ಲಿ ಬಹಳ ಮಂದಿ ಹೊರಗಿನಿಂದ ಬಂದವರು. ಫಲಿತಾಂಶವನ್ನು ಸದಸ್ಯ ಕಂಪನಿಗಳೊಳಗೆ ಹೊತ್ತೊಯ್ದು ನೆಲೆಗೊಳಿಸುವುದೇ ಕಷ್ಟವಾಯಿತು. 1988ರಲ್ಲಿ ಅದೇ ಊರಿಗೆ ಬಂದ ಸೆಮಾಟೆಕ್, ರಾಬರ್ಟ್ ನೋಯ್ಸ್ ಮುಂದಾಳತ್ವದಲ್ಲಿ, ಸದಸ್ಯ ಕಂಪನಿಗಳ ಎಂಜಿನಿಯರುಗಳನ್ನೇ ಎರವಲು ಪಡೆಯಿತು. ಅವಧಿ ಮುಗಿದ ಮೇಲೆ ಅವರು ತಮ್ಮ ಕಂಪನಿಗೆ ಮರಳುತ್ತಿದ್ದರು. ದೇಶ ಸುತ್ತು, ಕೋಶ ಓದು ಎನ್ನುತ್ತೇವಲ್ಲ, ಕೋಶ ಕಳಿಸಿದರೆ ಸಾಲದು, ಆಳೂ ಓಡಾಡಬೇಕು. 1990ರಲ್ಲಿ ಕೊಹೆನ್ ಮತ್ತು ಲೆವಿಂತಾಲ್ ಎಂಬ ವಿದ್ವಾಂಸರು ಕಂಪನಿಯೊಂದರ ಈ ಹೀರಿಕೊಳ್ಳುವ ಶಕ್ತಿಗೆ ಒಂದು ಹೆಸರನ್ನೇ ಕೊಟ್ಟರು.

ಹ್ಯೂಸ್ಟನ್‌ನಲ್ಲಿ ಜಾಕ್ಸನ್ ಗ್ರೇಸನ್ 1977ರಲ್ಲಿ ಸ್ಥಾಪಿಸಿದ ಎಪಿಕ್ಯೂಸಿ ಎಂಬ ಸಂಸ್ಥೆ, ಕಂಪನಿಗಳ ಒಳಗಿನ ಒಳ್ಳೆಯ ರೂಢಿಗಳು ಹೇಗೆ ಹರಡುತ್ತವೆ ಎಂದು ಅಧ್ಯಯನ ಮಾಡಿತು. ಅದು ದಾಖಲಿಸಿದ ಒಂದು ಕಥೆ ಮತ್ತೆ ಡಲ್ಲಾಸಿನದೇ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಮುಖ್ಯಸ್ಥ ಜೆರ್ರಿ ಜಂಕಿನ್ಸ್, ಕಂಪನಿಗೆ ಗೊತ್ತಿರುವುದೆಲ್ಲ ಕಂಪನಿಗೇ ಗೊತ್ತಿದ್ದಿದ್ದರೆ ಎಂದು ಹಳಹಳಿಸುತ್ತಿದ್ದರಂತೆ. ಒಂದು ಚಿಪ್ ಕಾರ್ಖಾನೆಯ ಒಳ್ಳೆಯ ಪದ್ಧತಿ ಇನ್ನೊಂದಕ್ಕೆ ತಲುಪಿದಾಗ ಉತ್ಪಾದನೆ ಎಷ್ಟು ಹೆಚ್ಚಿತೆಂದರೆ, ಹೊಸ ಕಾರ್ಖಾನೆ ಕಟ್ಟುವ ಖರ್ಚೇ ಉಳಿಯಿತು. ಹಿತ್ತಲ ಗಿಡ ಮದ್ದಾಯಿತು. ನಾನು ಕಂಡುಹಿಡಿದದ್ದಲ್ಲ, ಆದರೂ ಮಾಡಿದೆ ಎಂಬರ್ಥದ ಹೆಸರಿನ ಬಹುಮಾನವನ್ನೂ ಅಲ್ಲಿ ಇಟ್ಟರು. ಕಲಿಸಿದವರಿಗೂ ಕಲಿತವರಿಗೂ ಮನ್ನಣೆ ಸಿಕ್ಕಿತು.

ಇದೇ ಕಂಪನಿ 1985ರಲ್ಲಿ ಬೆಂಗಳೂರಿಗೆ ಹೋಗಿ ವಿನ್ಯಾಸ ಕೇಂದ್ರ ತೆರೆಯಿತು. ಆಮೇಲೆ ತೆರೆದ ದಾರಿಯಲ್ಲಿ ನಡೆದು ಬಂದವರು ನಮ್ಮಲ್ಲಿ ಅನೇಕರು. ಎರಡು ಊರುಗಳ ವಿದ್ಯೆಯನ್ನು ತಲೆಯಲ್ಲಿ ಹೊತ್ತವರು ನಾವು.

ಆದರೆ ನಮ್ಮೊಳಗೊಂದು ಅಳುಕೂ ಇದೆ: ಗೊತ್ತಿರುವುದನ್ನೆಲ್ಲ ಕಲಿಸಿಬಿಟ್ಟರೆ ನನ್ನ ಅಗತ್ಯ ಉಳಿದೀತೇ? ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ಆ ಅಳುಕನ್ನು ಸ್ವಾರ್ಥವೆನ್ನಲಾರೆ. ಅದನ್ನು ನೀಗಿಸುವುದು ಮ್ಯಾನೇಜರರ ಕೆಲಸ. ಕಲಿಸುವುದಕ್ಕೆ ಸಮಯ ಕೊಡಬೇಕು, ವರ್ಷದ ಮೌಲ್ಯಮಾಪನದಲ್ಲಿ ಅದಕ್ಕೆ ಅಂಕವಿರಬೇಕು, ಕಲಿಸಿದವರ ಕುರ್ಚಿಗೆ ಕುತ್ತು ಬರಬಾರದು. ನಮ್ಮಲ್ಲಿ ಇಂದು ಮ್ಯಾನೇಜರ್ ಆದವರೂ ಬಹಳ ಮಂದಿ ಇದ್ದೀರಿ. ಬ್ಯಾಲೆನ್ಸ್ ಶೀಟಿನಲ್ಲಿ ಕಾಣದ ಆಸ್ತಿಗೆ ನೀವೇ ಕಾವಲು. ಮುಂದಿನ ಬಜೆಟ್‌ನಲ್ಲಿ ಕತ್ತರಿ ಹಿಡಿದಾಗ ಡಲ್ಲಾಸಿನ ಆ ಕಟ್ಟದೇ ಉಳಿದ ಕಾರ್ಖಾನೆಯನ್ನು ನೆನೆಯಿರಿ.