ಕಳಂಬೋಲಿಯ ಉಕ್ಕು ಮತ್ತು ಆಘಾತದ ನಿರ್ಣಯ

ನವಿ ಮುಂಬಯಿಯ ಕಳಂಬೋಲಿ ಉಕ್ಕಿನ ಪೇಟೆಗೆ ಪ್ರಸಿದ್ಧ. ಅಲ್ಲಿಯ ಧಾರಣೆ ಏರಿದಾಗ ಕಾರಣವು ಬೇಡಿಕೆಯೋ ಸರಕಾರದ ನೀತಿಯೋ ಎಂಬುದನ್ನು ಅಂಕಿಅಂಶಗಳಷ್ಟೇ ಹೇಳಲಾರವು. ಇವೆರಡನ್ನು ಬೇರ್ಪಡಿಸಲು ಕ್ರಿಸ್ಟಿನಾ ರೋಮರ್ ಮತ್ತು ಡೇವಿಡ್ ರೋಮರ್ 1989ರಲ್ಲಿ ಅಮೆರಿಕದ ಕೇಂದ್ರೀಯ ಬ್ಯಾಂಕಿನ ದಾಖಲೆಗಳನ್ನು ಓದಿ, ನಿರ್ಧಾರಗಳ ಹಿಂದಿನ ಉದ್ದೇಶವನ್ನು ಗುರುತಿಸಿದರು. ಆ ಕ್ರಮವನ್ನು ನಾವು ಇಲ್ಲಿಗೂ ಅನ್ವಯಿಸಬಹುದು. 1992ರ ಜನವರಿಯಲ್ಲಿ ಉಕ್ಕಿನ ಬೆಲೆ ಹಾಗೂ ವಿತರಣೆಯ ಮೇಲಿನ ನಿಯಂತ್ರಣ ಬಹುಮಟ್ಟಿಗೆ ತೆರವಾಯಿತು. ಅದರ ಮೂಲವು ಪೇಟೆಯ ಅಂದಿನ ಬೇಡಿಕೆಯಲ್ಲ. 1991ರ ವಿದೇಶೀ ವಿನಿಮಯ ಬಿಕ್ಕಟ್ಟಿನ ತರುವಾಯದ ಉದಾರೀಕರಣ. ಆದರೆ ಅದೇ ಬಿಕ್ಕಟ್ಟು ಆಮದನ್ನೂ ಕೈಗಾರಿಕಾ ಬೆಳವಣಿಗೆಯನ್ನೂ ಕುಗ್ಗಿಸಿದ್ದುದರಿಂದ ಇದನ್ನು ಶುದ್ಧ ಆಘಾತವೆಂದು ಎಣಿಸಲಾಗದು. ಅಂಟೋಲಿನ್-ದಿಯಾಸ್ ಮತ್ತು ರೂಬಿಯೊ-ರಮಿರೆಸ್ 2018ರಲ್ಲಿ ಸೂಚಿಸಿದಂತೆ, ಆಘಾತದ ದಿಕ್ಕನ್ನಷ್ಟೇ ಇತಿಹಾಸದಿಂದ ಪಡೆದು ಪ್ರಮಾಣವನ್ನು ಮಾದರಿಯ ಗಣನೆಗೆ ಬಿಡುವುದೇ ಉಚಿತವೆಂದು ನಮ್ಮ ಅಭಿಮತ.