ಶೇ 15ರ ಒಪ್ಪಂದ ಮತ್ತು ಡಬ್ಲಿನ್‌ನ ಮನೆಗಳು: ಐರ್ಲೆಂಡ್‌ನ ಪೈಪೋಟಿ ಸಾಮರ್ಥ್ಯದ ವಿವೇಚನೆ

2003ರಿಂದ ಐರ್ಲೆಂಡ್ ವಿದೇಶಿ ಕಂಪನಿಗಳನ್ನು ಸೆಳೆದದ್ದು ಮುಖ್ಯವಾಗಿ ಶೇ 12.5ರ ಕಂಪನಿ ತೆರಿಗೆಯಿಂದ. ಆದ್ದರಿಂದಲೇ 2021ರ ಜುಲೈನಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ (ಒಇಸಿಡಿ) ಕನಿಷ್ಠ ತೆರಿಗೆ ಒಪ್ಪಂದದಿಂದ ಅದು ಹೊರಗುಳಿಯಿತು. ದರ ಶೇ 15ನ್ನು ಮೀರದೆಂಬ ಭರವಸೆ ಸಿಕ್ಕ ಮೇಲೆ ಅಕ್ಟೋಬರ್‌ನಲ್ಲಿ ಸೇರಿತು. ಬಂಡವಾಳ ಕಾಲ್ತೆಗೆಯುತ್ತದೆಂಬ ಭಯ ನಿಜವಾಗಲಿಲ್ಲ. 2014ರಲ್ಲಿ 460 ಕೋಟಿ ಯೂರೊ ಇದ್ದ ಕಂಪನಿ ತೆರಿಗೆಯ ವಸೂಲಿ, 2024ರಲ್ಲಿ ನ್ಯಾಯಾಲಯದ ತೀರ್ಪಿನಂತೆ ಆಪಲ್ ಕಂಪನಿ ಕೊಟ್ಟ ಹಳೆಯ ತೆರಿಗೆ ಬಾಕಿಯನ್ನು ಬಿಟ್ಟರೂ 2,800 ಕೋಟಿ ದಾಟಿತು. ಹೊಸ ದರದ ಮೊದಲ ಪಾವತಿಯ ಗಡುವು 2026ರಲ್ಲಿರುವುದರಿಂದ ಇದನ್ನು ಒಪ್ಪಂದದ ಫಲವೆನ್ನಲಾಗದು. ಆದರೂ ದರ ಏರುವುದು ಖಚಿತವಾಗಿದ್ದಾಗಲೂ ಕಂಪನಿಗಳು ಲಾಭವನ್ನು ಅಲ್ಲಿಂದ ಕದಲಿಸಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಈ ಒಪ್ಪಂದದಡಿ ಒಂದು ದೇಶ ಬಿಟ್ಟುಕೊಟ್ಟ ತೆರಿಗೆಯನ್ನು ಇನ್ನೊಂದು ದೇಶ ವಸೂಲಿ ಮಾಡಬಹುದಾದಾಗ ಕಡಿಮೆ ದರದ ಆಕರ್ಷಣೆ ಕುಗ್ಗುತ್ತದೆ. ಆಗ ಪೈಪೋಟಿ ನಡೆಯುವುದು ಗಡಿ ದಾಟಿ ಸಾಗಿಸಲಾಗದ ಸಂಗತಿಗಳಲ್ಲಿ, ಎಲ್ಲಕ್ಕಿಂತ ಮೊದಲು ವಸತಿಯಲ್ಲಿ.

ಐರ್ಲೆಂಡ್ ಸೋಲುತ್ತಿರುವುದು ಇಲ್ಲಿಯೇ. 2008ರ ಕುಸಿತದಲ್ಲಿ ಕಟ್ಟಡ ಉದ್ಯಮ ನೆಲಕಚ್ಚಿ, 2013ರಲ್ಲಿ ಪೂರ್ಣಗೊಂಡ ಮನೆಗಳು 5 ಸಾವಿರಕ್ಕೂ ಕಡಿಮೆ. 2022ರ ಜನಗಣತಿಯ ಆಧಾರದಲ್ಲಿ ವಸತಿ ಆಯೋಗ ಅಂದಾಜಿಸಿದ ಕೊರತೆ 2,12,500ರಿಂದ 2,56,000 ಮನೆಗಳು. 2024ರಲ್ಲಿ ಕಟ್ಟಿ ಮುಗಿಸಿದ್ದು 30,330. ನೌಕರಿ ಸಿಕ್ಕವರಿಗೆ ಬಾಡಿಗೆ ಮನೆ ಸಿಗದ ಊರಿಗೆ ಕಂಪನಿ ಎಷ್ಟು ಕಾಲ ಜನರನ್ನು ಕರೆತಂದೀತು?

ವಿದೇಶಿ ಹೂಡಿಕೆ ನಿಧಿಗಳೇ ಮನೆಗಳನ್ನು ಕಬಳಿಸುತ್ತಿವೆ, ಅವನ್ನು ತಡೆದರೆ ಸಾಕು ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. 2021ರ ಮೇನಲ್ಲಿ ಮೇನೂತ್ ಪಟ್ಟಣದ ಹೊಸ ಬಡಾವಣೆಯೊಂದರ ಬಹುಪಾಲು ಮನೆಗಳು ನಿಧಿಯೊಂದರ ಪಾಲಾಗುತ್ತಿವೆ ಎಂದು ಜನ ಸಿಡಿದೆದ್ದಾಗ, ಹತ್ತು ಅಥವಾ ಹೆಚ್ಚು ಮನೆಗಳ ಸಗಟು ಖರೀದಿಗೆ ಸರ್ಕಾರ ಶೇ 10ರ ಮುದ್ರಾಂಕ ಶುಲ್ಕ ಹೇರಿತು. 2024ರಲ್ಲಿ ಅದು ಶೇ 15 ಆಯಿತು. ಅಪಾರ್ಟ್‌ಮೆಂಟ್‌ಗಳಿಗೆ ಮಾತ್ರ ವಿನಾಯಿತಿ, ಏಕೆಂದರೆ ಡಬ್ಲಿನ್‌ನಲ್ಲಿ ಅವು ಬಹುಮಟ್ಟಿಗೆ ಏಳುತ್ತಿದ್ದುದೇ ಈ ನಿಧಿಗಳ ಹಣದಿಂದ. 2022ರಿಂದ ಬಡ್ಡಿ ಏರಿ ನಿಧಿಗಳು ಹಿಂದೆ ಸರಿದವು; 2024ರಲ್ಲಿ ಮುಗಿದ ಅಪಾರ್ಟ್‌ಮೆಂಟ್‌ಗಳು ಹಿಂದಿನ ವರ್ಷಕ್ಕಿಂತ ಸುಮಾರು ಕಾಲುಭಾಗ ಕಡಿಮೆ, 8,763. ಹಾಗಾಗಿ ನೋಡಬೇಕಾದದ್ದು ಹಣ ಎಲ್ಲಿಂದ ಬಂತೆಂಬುದನ್ನಲ್ಲ, ಅದು ಕಟ್ಟಿದ ಮನೆಯನ್ನು ಕೊಳ್ಳುತ್ತಿದೆಯೋ ಇಲ್ಲದ ಮನೆಯನ್ನು ಕಟ್ಟುತ್ತಿದೆಯೋ ಎಂಬುದನ್ನು.

ಬೊಕ್ಕಸ ತುಂಬಿರುವ ಸರ್ಕಾರವೇ ಕಟ್ಟಲಿ ಎಂಬ ವಾದ ನನಗೂ ಒಪ್ಪಿಗೆ, ಆದರೆ ಅಡ್ಡಿ ಇರುವುದು ಹಣದಲ್ಲಲ್ಲ, ನೀರು, ವಿದ್ಯುತ್ತಿನಂಥ ಮೂಲಸೌಕರ್ಯದಲ್ಲಿ. ಡಬ್ಲಿನ್ ಪ್ರದೇಶದ ನೀರಿನಲ್ಲಿ ಸುಮಾರು ಶೇ 85 ಲಿಫಿ ನದಿಯೊಂದರಿಂದಲೇ ಬರುತ್ತದೆ. ಶಾನನ್ ನದಿಯಿಂದ ಸುಮಾರು 170 ಕಿಲೋಮೀಟರ್ ಕೊಳವೆ ಎಳೆಯುವ ಯೋಜನೆ ದಶಕಗಳಿಂದ ಚರ್ಚೆಯಲ್ಲಿದ್ದರೂ 2025ರವರೆಗೆ ಕಾಮಗಾರಿ ಶುರುವಾಗಿರಲಿಲ್ಲ. ನೀರಿಲ್ಲದ ನಿವೇಶನಕ್ಕೆ ಯಾವ ತೆರಿಗೆ ರಿಯಾಯಿತಿ ಕೊಟ್ಟೂ ಪ್ರಯೋಜನವಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಆಪಲ್‌ನಿಂದ ಕೊಡಿಸಿದ, ಬಡ್ಡಿಯೂ ಸೇರಿ ಸುಮಾರು 1,400 ಕೋಟಿ ಯೂರೊ, ಮತ್ತೊಮ್ಮೆ ಸಿಗದ ಹಣ. ಅದರ ಮೊದಲ ಪಾಲು ಈ ಕೊಳವೆಗೂ ವಿದ್ಯುತ್ ಜಾಲಕ್ಕೂ ಸಲ್ಲಬೇಕು.