ಡಿಫ್ರಾಗ್ ತಂತ್ರಾಂಶಗಳು: ದುಡ್ಡು ಕೊಟ್ಟವರಿಗೆ ಸಿಕ್ಕಿದ್ದೇನು?

ವಿಂಡೋಸ್ 98 ಬಳಸಿದವರಿಗೆಲ್ಲ ಡಿಫ್ರಾಗ್‌ನ ಆ ಪರದೆ ನೆನಪಿರುತ್ತದೆ: ಸಾಲು ಸಾಲು ಪುಟ್ಟ ಬಣ್ಣದ ಚೌಕಗಳು, ಒಂದೊಂದಾಗಿ ಜಾಗ ಬದಲಿಸಿ ಒಪ್ಪವಾಗಿ ಕೂರುತ್ತಿದ್ದವು. ಗಂಟೆಗಟ್ಟಲೆ ನಡೆಯುವ ಆ ಕೆಲಸ ಮುಗಿದರೆ ಕಂಪ್ಯೂಟರ್ ಚುರುಕಾಗುತ್ತದೆ ಎಂದು ಜನ ನಂಬಿದ್ದರು. ಬಹುಮಟ್ಟಿಗೆ ಅದು ನಿಜವೂ ಆಗಿತ್ತು. ಈ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತೇವೆಂದು ಹಲವು ಕಂಪನಿಗಳು ತಂತ್ರಾಂಶ ಮಾರಿದವು. ಪುಕ್ಕಟೆಯಾಗಿ ಮಾಡಿಕೊಡುವ ತಂತ್ರಾಂಶಗಳೂ ಬಂದವು. ಇವೆರಡರ ನಡುವಿನ ವ್ಯತ್ಯಾಸ ಎಲ್ಲಿತ್ತು, ಇಂದು ಎಷ್ಟು ಉಳಿದಿದೆ ಎಂಬುದು ಈ ಕ್ಷೇತ್ರ ಬೆಳೆದ ದಾರಿಯನ್ನು ನೋಡಿದರೆ ಸ್ಪಷ್ಟವಾಗುತ್ತದೆ.

ಕಾಯಿಲೆಯ ಮೂಲ

ಹಾರ್ಡ್ ಡಿಸ್ಕಿನಲ್ಲಿ ಕಡತಗಳು ಕ್ಲಸ್ಟರ್ ಎಂಬ ಸಣ್ಣ ತುಂಡುಗಳಲ್ಲಿ ಕೂರುತ್ತವೆ. ವಿಂಡೋಸಿನ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಒಂದು ಕ್ಲಸ್ಟರ್ ಸಾಮಾನ್ಯವಾಗಿ 4 ಕಿಲೋಬೈಟ್. ಹಳೆಯ ಕಡತಗಳನ್ನು ಅಳಿಸಿದಂತೆಲ್ಲ ಅಲ್ಲಲ್ಲಿ ಜಾಗ ಖಾಲಿಯಾಗುತ್ತದೆ. ಹೊಸದಾಗಿ ಬಂದ ದೊಡ್ಡ ಕಡತ ಆ ಖಾಲಿ ಜಾಗಗಳಲ್ಲಿ ಚೂರುಚೂರಾಗಿ ಹಂಚಿಹೋಗುತ್ತದೆ. ಪ್ರತಿ ಚೂರಿಗೂ ಡಿಸ್ಕಿನ ತಲೆ ಸರಿದು ಹೋಗಬೇಕು, ತಟ್ಟೆ ತಿರುಗಿ ಆ ಜಾಗ ಎದುರಿಗೆ ಬರುವತನಕ ಕಾಯಬೇಕು.

ನಷ್ಟ ಎಷ್ಟೆಂದು ಲೆಕ್ಕ ಹಾಕಬಹುದು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಬೇಕು. ಅಂದರೆ ಸರಾಸರಿ ಕಾಯುವಿಕೆ 4 ಮಿಲಿಸೆಕೆಂಡಿನಷ್ಟು. ತಲೆ ಸರಿಯಲು ಇನ್ನೊಂದು 9 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ ಪ್ರತಿ ಚೂರಿಗೂ 13 ಮಿಲಿಸೆಕೆಂಡ್ ವ್ಯರ್ಥ. ಸೆಕೆಂಡಿಗೆ 100 ಮೆಗಾಬೈಟ್ ಓದಬಲ್ಲ ಡಿಸ್ಕಿನಲ್ಲಿ, ಒಂದೇ ಕಡೆ ಇರುವ 100 ಮೆಗಾಬೈಟ್ ಕಡತ ಒಂದು ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ. ಅದೇ ಕಡತ ಸಾವಿರ ಚೂರಾಗಿದ್ದರೆ 14 ಸೆಕೆಂಡ್ ಹಿಡಿಯುತ್ತದೆ. ಚೂರುಗಳನ್ನು ಮತ್ತೆ ಒಂದೆಡೆ ಸೇರಿಸುವ ಡಿಫ್ರಾಗ್ ಉದ್ಯಮ ನಿಂತಿದ್ದು ಹೀಗೆ ಉಳಿಯುವ 13 ಸೆಕೆಂಡುಗಳ ಮೇಲೆ.

ಮಾರಾಟದಿಂದಲೇ ಶುರು

ಮೊದಲು ಬೇಡಿಕೆ ಬಂದದ್ದು ಮನೆಯ ಕಂಪ್ಯೂಟರ್‌ಗಳಿಂದಲ್ಲ. ಕಚೇರಿಗಳು ಬಳಸುತ್ತಿದ್ದ, ಡಿಜಿಟಲ್ ಎಂಬ ಕಂಪನಿಯ ವ್ಯಾಕ್ಸ್ ಯಂತ್ರಗಳಲ್ಲಿ ಡಿಸ್ಕ್ ಸರಿಪಡಿಸಬೇಕಾದರೆ ಎಲ್ಲವನ್ನೂ ಟೇಪಿಗೆ ನಕಲು ಮಾಡಿ, ಡಿಸ್ಕ್ ಅಳಿಸಿ, ಮತ್ತೆ ತುಂಬಿಸಬೇಕಿತ್ತು. ಅಷ್ಟು ಹೊತ್ತೂ ಕಚೇರಿಯ ಕೆಲಸ ನಿಲ್ಲುತ್ತಿತ್ತು. ಕ್ರೇಗ್ ಜೆನ್ಸನ್ ಸ್ಥಾಪಿಸಿದ ಎಕ್ಸಿಕ್ಯೂಟಿವ್ ಸಾಫ್ಟ್‌ವೇರ್ ಕಂಪನಿ 1986ರಲ್ಲಿ ಹೊರತಂದ ಡಿಸ್ಕೀಪರ್, ಯಂತ್ರ ನಡೆಯುತ್ತಿರುವಾಗಲೇ ಕಡತಗಳನ್ನು ಒಟ್ಟುಗೂಡಿಸಿತು. ದುಡ್ಡು ಕೊಡಲು ಅದೊಂದೇ ಕಾರಣ ಸಾಕಿತ್ತು.

ಡಾಸ್ ಲೋಕದಲ್ಲಿ ಹೆಸರು ಮಾಡಿದ್ದು ನಾರ್ಟನ್ ಯುಟಿಲಿಟೀಸ್‌ನ ಸ್ಪೀಡ್ ಡಿಸ್ಕ್. 1990ರಲ್ಲಿ ಪೀಟರ್ ನಾರ್ಟನ್ ಅವರ ಕಂಪನಿಯನ್ನು ಸಿಮ್ಯಾಂಟೆಕ್ ಕೊಂಡುಕೊಂಡಿತು. 1993ರಲ್ಲಿ ಬಂದ ಎಂಎಸ್-ಡಾಸ್ 6.0ರಲ್ಲಿ ಡಿಫ್ರಾಗ್ ಆಜ್ಞೆ ಸೇರಿತು. ಅದನ್ನು ಮೈಕ್ರೋಸಾಫ್ಟ್ ಸಿಮ್ಯಾಂಟೆಕ್‌ನಿಂದಲೇ ಪರವಾನಗಿ ಪಡೆದು ಹಾಕಿತ್ತು. ಮಾರಾಟದ ಸರಕನ್ನು ಸ್ವಲ್ಪ ಕತ್ತರಿಸಿ ಉಚಿತವಾಗಿ ಕೊಡುವ ಈ ಪದ್ಧತಿ ಮುಂದೆಯೂ ನಡೆಯಿತು. ವಿಂಡೋಸ್ 2000ದೊಳಗೆ ಬಂದ ಸಲಕರಣೆ ಡಿಸ್ಕೀಪರ್‌ನದೇ ಕಿರಿಯ ರೂಪ.

ತಿರುವು ತಂದ ಬಾಗಿಲು

1996ರ ವಿಂಡೋಸ್ ಎನ್‌ಟಿ 4.0ರಲ್ಲಿ ಡಿಫ್ರಾಗ್ ಸಲಕರಣೆ ಇರಲಿಲ್ಲ. ಆದರೆ ಕಡತದ ಚೂರುಗಳನ್ನು ಸುರಕ್ಷಿತವಾಗಿ ಸರಿಸುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ವಿಂಡೋಸಿನ ಒಳಗೇ ಕಟ್ಟಿತು. ಯಾವ ತಂತ್ರಾಂಶ ಬೇಕಾದರೂ ಅದಕ್ಕೆ ಕರೆ ಕೊಡಬಹುದಿತ್ತು. ಇಡೀ ಹೋಲಿಕೆಗೆ ಇದೇ ಕೀಲಿ. ಅಲ್ಲಿಂದ ಮುಂದೆ ಬಹುಪಾಲು ತಂತ್ರಾಂಶಗಳಿಗೆ, ಉಚಿತವಿರಲಿ, ದುಬಾರಿಯಿರಲಿ, ಚೂರುಗಳನ್ನು ಸರಿಸಿಕೊಟ್ಟದ್ದು ವಿಂಡೋಸೇ. ಯಾವ ಕಡತ ಎಲ್ಲಿರಬೇಕು, ಯಾವಾಗ ಸರಿಯಬೇಕು ಎಂಬ ತೀರ್ಮಾನ ಮಾತ್ರ ತಂತ್ರಾಂಶದ್ದಾಯಿತು.

ಹಾಗಾದರೆ ದುಡ್ಡು ಕೊಟ್ಟವರಿಗೆ ಸಿಕ್ಕಿದ್ದೇನು? ಆ ಕಾಲದಲ್ಲಿ ನಿಜವಾದ ಉಪಯೋಗವೇ ಇತ್ತು. ವಿಂಡೋಸ್ ನಡೆಯುತ್ತಿರುವಾಗ ಅದು ತಾನೇ ತೆರೆದಿಟ್ಟುಕೊಂಡಿರುವ ಪೇಜ್ ಫೈಲ್, ರಿಜಿಸ್ಟ್ರಿ ಮೊದಲಾದ ಕಡತಗಳನ್ನು ಮುಟ್ಟುವಂತಿಲ್ಲ. ಡಿಸ್ಕೀಪರ್ ಮತ್ತು ರಾಕ್ಸ್‌ಕೋದ ಪರ್ಫೆಕ್ಟ್‌ಡಿಸ್ಕ್ ಇಂಥವನ್ನು ಕಂಪ್ಯೂಟರ್ ಶುರುವಾಗುವ ಹೊತ್ತಿನಲ್ಲೇ ಸರಿಪಡಿಸುತ್ತಿದ್ದವು. ಪರ್ಫೆಕ್ಟ್‌ಡಿಸ್ಕ್ ಪದೇ ಪದೇ ಬದಲಾಗುವ ಕಡತಗಳನ್ನೂ ಅಪರೂಪಕ್ಕೆ ಬದಲಾಗುವವನ್ನೂ ಬೇರೆ ಬೇರೆ ಇಟ್ಟು, ಮತ್ತೆ ಚೂರಾಗುವುದನ್ನು ತಡವಾಗಿಸುತ್ತಿತ್ತು. ಬರ್ಲಿನ್ನಿನ ಓ ಅಂಡ್ ಓ ಡಿಫ್ರಾಗ್ ಹೆಸರು, ದಿನಾಂಕ, ಬಳಕೆ ಹೀಗೆ ಹಲವು ಕ್ರಮಗಳಲ್ಲಿ ಕಡತ ಜೋಡಿಸುವ ಆಯ್ಕೆ ಕೊಟ್ಟಿತು. ಡಿಸ್ಕೀಪರ್ 2010 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬರೆಯುವಾಗಲೇ ಚೂರಾಗದಂತೆ ತಡೆಯಲು ಹೊರಟಿತು. ನೂರಾರು ಯಂತ್ರಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಅನುಕೂಲವಂತೂ ದೊಡ್ಡ ಕಚೇರಿಗಳಿಗೆ ಬಲು ಬೇಕಾದದ್ದು.

ಉಚಿತ ತಂತ್ರಾಂಶಗಳ ಕಾಲ

ಉಚಿತದವರೂ ಕೈಕಟ್ಟಿ ಕೂರಲಿಲ್ಲ. ಮಾರ್ಕ್ ರಸಿನೋವಿಚ್ ಅವರ ಕಾಂಟಿಗ್ ಬೇಕೆಂದ ಒಂದೇ ಕಡತವನ್ನು ಒಟ್ಟುಗೂಡಿಸುತ್ತಿತ್ತು. ಅವರದೇ ಪೇಜ್‌ಡಿಫ್ರಾಗ್, ಮಾರಾಟದ ತಂತ್ರಾಂಶಗಳು ಹೆಮ್ಮೆಪಡುತ್ತಿದ್ದ ಪೇಜ್ ಫೈಲ್ ಕೆಲಸವನ್ನೇ ಪುಕ್ಕಟೆ ಮಾಡಿತು. ಯರೂನ್ ಕೆಸೆಲ್ಸ್ ಅವರ ಜೆಕೆಡಿಫ್ರಾಗ್ ಮುಕ್ತ ತಂತ್ರಾಂಶವಾಗಿ ಬಂದು, ಮುಂದೆ ಮೈಡಿಫ್ರಾಗ್ ಆಯಿತು. ಯಾವ ಕಡತ ಎಲ್ಲಿರಬೇಕೆಂದು ಬಳಕೆದಾರರೇ ಬರೆದು ಹೇಳುವ ಸ್ವಾತಂತ್ರ್ಯ ಅದರಲ್ಲಿತ್ತು. ಪಿರಿಫಾರ್ಮ್‌ನ ಡಿಫ್ರಾಗ್ಲರ್ ಚೂರಾದ ಕಡತಗಳ ಪಟ್ಟಿಯನ್ನೇ ಮುಂದಿಟ್ಟು ಆರಿಸಿಕೊಳ್ಳಲು ಬಿಟ್ಟಿತು.

ಉಚಿತಕ್ಕೂ ಅದರದೇ ತೊಂದರೆಗಳಿವೆ. ಮೈಡಿಫ್ರಾಗ್‌ನ ಬೆಳವಣಿಗೆ ನಿಂತುಹೋಯಿತು. ಮುಕ್ತವಾಗಿದ್ದ ಅಲ್ಟ್ರಾಡಿಫ್ರಾಗ್ 8ನೇ ಆವೃತ್ತಿಯಿಂದ ಮಾರಾಟದ ಸರಕಾಯಿತು. ಪಿರಿಫಾರ್ಮ್ 2017ರಲ್ಲಿ ಅವಾಸ್ಟ್ ಪಾಲಾಯಿತು. ಕೆಲವು ಉಚಿತ ತಂತ್ರಾಂಶಗಳು ಅನುಸ್ಥಾಪಿಸುವಾಗ ಬೇಡದ ಇನ್ನೇನನ್ನೋ ಜೊತೆಗೆ ತುರುಕಲು ನೋಡುತ್ತವೆ.

ವಿಂಡೋಸೇ ಕಲಿತುಕೊಂಡಾಗ

ಮಾರಾಟದವರಿಗೆ ನಿಜವಾದ ಪೆಟ್ಟು ಬಿದ್ದದ್ದು ವಿಂಡೋಸಿನಿಂದಲೇ. ವಿಂಡೋಸ್ ವಿಸ್ಟಾದಿಂದ ಡಿಫ್ರಾಗ್ ವಾರಕ್ಕೊಮ್ಮೆ ತಾನಾಗಿಯೇ ನಡೆಯತೊಡಗಿತು. 64 ಮೆಗಾಬೈಟಿಗಿಂತ ದೊಡ್ಡ ಚೂರುಗಳನ್ನು ಅದು ಸೇರಿಸುವ ಗೋಜಿಗೆ ಹೋಗಲಿಲ್ಲ. ಅಷ್ಟು ದೊಡ್ಡ ಚೂರನ್ನು ಓದುವ ಹೊತ್ತಿನ ಮುಂದೆ ತಲೆ ಸರಿದು ಕಾಯುವ 13 ಮಿಲಿಸೆಕೆಂಡ್ ಲೆಕ್ಕಕ್ಕೇ ಬಾರದು. ನೂರಕ್ಕೆ ನೂರು ಒಪ್ಪವಾದ ಡಿಸ್ಕ್ ನೋಡಲು ಚಂದ, ಆದರೆ ಅದರಿಂದ ವೇಗವೇನೂ ಹೆಚ್ಚುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆಮೇಲೆ ಎಸ್‌ಎಸ್‌ಡಿ ಬಂತು. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ಸರಿಯುವ ತಲೆಯಿಲ್ಲ. ಹಾಗಾಗಿ ಆ 13 ಮಿಲಿಸೆಕೆಂಡೂ ಇಲ್ಲ. ಅದರ ಕೋಶಗಳಿಗೆ ಇಷ್ಟು ಸಲ ಮಾತ್ರ ಬರೆಯಬಹುದೆಂಬ ಮಿತಿ ಇರುವುದರಿಂದ ಸುಮ್ಮನೆ ಡಿಫ್ರಾಗ್ ಮಾಡಿದರೆ ಸವೆತವೇ ಹೊರತು ಲಾಭವಿಲ್ಲ. 2009ರ ವಿಂಡೋಸ್ 7 ಎಸ್‌ಎಸ್‌ಡಿ ಕಂಡರೆ ನಿಗದಿತ ಡಿಫ್ರಾಗ್ ನಿಲ್ಲಿಸುತ್ತಿತ್ತು. ವಿಂಡೋಸ್ 8ರಿಂದ ಅದೇ ಸಲಕರಣೆ ಎಸ್‌ಎಸ್‌ಡಿಗೆ ಬಳಕೆಯಲ್ಲಿಲ್ಲದ ಜಾಗ ಯಾವುದೆಂದು ತಿಳಿಸುವ ಟ್ರಿಮ್ ಕೆಲಸ ಮಾಡುತ್ತಿದೆ. ಆದರೆ ಈ ಸಲಕರಣೆಯೂ ಒಮ್ಮೆ ಎಡವಿತು: 2020ರ ಮೇ ತಿಂಗಳ ವಿಂಡೋಸ್ 10 ಆವೃತ್ತಿ ಕೊನೆಯ ಸಲ ಯಾವಾಗ ನಡೆಸಿದೆ ಎಂಬುದನ್ನೇ ಮರೆತು ಮತ್ತೆ ಮತ್ತೆ ಡಿಫ್ರಾಗ್ ಮಾಡತೊಡಗಿತ್ತು. ಕೆಲ ತಿಂಗಳಲ್ಲಿ ಅದನ್ನು ಸರಿಪಡಿಸಲಾಯಿತು.

ಈಗೇನು ಮಾಡಬೇಕು?

ನಿಮ್ಮ ಯಂತ್ರದಲ್ಲಿ ಎಸ್‌ಎಸ್‌ಡಿ ಇದ್ದರೆ ಡಿಫ್ರಾಗ್ ತಂತ್ರಾಂಶ ಕೊಳ್ಳಲೂ ಬೇಡಿ, ಪುಕ್ಕಟೆಯೆಂದು ಹಾಕಿಕೊಳ್ಳಲೂ ಬೇಡಿ. ಟ್ರಿಮ್ ನಡೆಸುವ ವಿಂಡೋಸಿನ ವಾರದ ವೇಳಾಪಟ್ಟಿಯನ್ನು ಮಾತ್ರ ನಿಲ್ಲಿಸಬೇಡಿ. ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರಕ್ಕೂ ವಿಂಡೋಸಿನ ಸಲಕರಣೆ ಸಾಕು. ಡಿಸ್ಕಿನಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟಿರಿ. ಒಂದೆರಡು ದೊಡ್ಡ ಕಡತಗಳನ್ನಷ್ಟೇ ಸರಿಪಡಿಸಬೇಕಿದ್ದರೆ ಕಾಂಟಿಗ್ ಅಥವಾ ಡಿಫ್ರಾಗ್ಲರ್ ಅನ್ನು ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ಹಾರ್ಡ್ ಡಿಸ್ಕಿನ ಸರ್ವರ್‌ಗಳನ್ನು ಹತ್ತಾರು ಸಂಖ್ಯೆಯಲ್ಲಿ ನೋಡಿಕೊಳ್ಳುವ ಕಚೇರಿಗಳಿಗೆ ಮಾತ್ರ ಮಾರಾಟದ ತಂತ್ರಾಂಶ ಇಂದಿಗೂ ಬೆಲೆಬಾಳುತ್ತದೆ. ಉಳಿದವರು ಆ ದುಡ್ಡನ್ನು ಒಂದು ಎಸ್‌ಎಸ್‌ಡಿಗೆ ಹಾಕಿದರೆ ಯಾವ ಡಿಫ್ರಾಗ್ ತಂತ್ರಾಂಶವೂ ಕೊಡಲಾಗದ ವೇಗ ಸಿಗುತ್ತದೆ. ಅದಕ್ಕೂ ಮುಂಚೆ ನಿಮ್ಮ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ.